ಏಳೂವರೆ ಡಿಗ್ರಿ

ಗಡಿಯಾರ ರಿಪೇರಿಯವನು ಪೋಷಕರ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಮಗಳು ಪುಟ್ಟಿ ಓಟದಲ್ಲಿ ಸದಾ ಕೊನೆ, ಲೆಕ್ಕದಲ್ಲಿ ಮಾತ್ರ ಚುರುಕು. ಅವಳು ಒಂದು ಸಲವಾದರೂ ಬಹುಮಾನ ಹಿಡಿದು ವೇದಿಕೆ ಇಳಿಯುವುದನ್ನು ನೋಡಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಎದ್ದು ನಿಂತ.

"ಓಡೋರಿಗೆ ಬಹುಮಾನ ಕೊಡ್ತೀರ, ಲೆಕ್ಕ ಮಾಡೋರಿಗೆ ಯಾಕಿಲ್ಲ ಮೇಡಂ?"

"ಒಳ್ಳೇ ಮಾತು. ಲೆಕ್ಕದ ಸ್ಪರ್ಧೆ ನೀವೇ ನಡೆಸಿಬಿಡಿ," ಎಂದರು ಹೆಡ್‌ಮೇಡಂ.

"ಓಹೋ! ಅಪ್ಪ ಪ್ರಶ್ನೆ ಬರೆಯೋದು, ಮಗಳು ಗೆಲ್ಲೋದು!" ಎಂದು ಔಷಧಿ ಅಂಗಡಿಯವನು ಹಿಂದಿನಿಂದ ಚುಚ್ಚಿದ.

ರಿಪೇರಿಯವನಿಗೆ ಮೈಯೆಲ್ಲ ಉರಿಯಿತು. "ನಾನು ಒಂದು ಪ್ರಶ್ನೇನೂ ನೋಡಲ್ಲ. ನೀವೇ ಬರೆದು ಡಬ್ಬಿಗೆ ಹಾಕ್ರೀ!" ಎಂದುಬಿಟ್ಟ. ಸಾಲದ್ದಕ್ಕೆ ತನ್ನ ಅಂಗಡಿಯ ಚಂದದ ಗೋಡೆ ಗಡಿಯಾರವನ್ನೇ ಬಹುಮಾನಕ್ಕೆ ಕೊಟ್ಟ.

ಸ್ಪರ್ಧೆಯ ದಿನ ಬೆಂಚು ಹೊತ್ತವನೂ ಅವನೇ, ಮೈಕು ಕಟ್ಟಿದವನೂ ಅವನೇ. ಹೆಡ್‌ಮೇಡಂ ಡಬ್ಬಿ ಕೈಗೆತ್ತಿಕೊಂಡು, "ಪ್ರಶ್ನೆ ಬರೆದವರ ಮಕ್ಕಳು ವೇದಿಕೆಯಿಂದ ಕೆಳಗಿಳೀರಿ," ಎಂದರು. ಔಷಧಿ ಅಂಗಡಿಯವನ ಮಗ ಇಳಿದ. ಬೇಕರಿಯಮ್ಮನ ಅವಳಿ ಮಕ್ಕಳು ಇಳಿದರು. ರಿಪೇರಿಯವನನ್ನು ಬಿಟ್ಟರೆ, ನಮ್ಮದೂ ಒಂದಿರಲಿ ಎಂದು ಪ್ರಶ್ನೆ ಬರೆಯದ ಪೋಷಕರೇ ಇರಲಿಲ್ಲ! ಒಂದು ಗಂಟೆ ಕೂಗಾಟ ನಡೆದ ಮೇಲೆ ವೇದಿಕೆಯಲ್ಲಿ ಉಳಿದವಳು ಪುಟ್ಟಿ ಒಬ್ಬಳೇ.

"ಒಬ್ಳೇ ಕೂತ್ರೆ ಅದೆಂಥ ಸ್ಪರ್ಧೆ ರೀ?" ಎಂದಳು ಬೇಕರಿಯಮ್ಮ. "ಪ್ರಶ್ನೆ ಗೊತ್ತಿಲ್ಲದೋರು ಇನ್ಯಾರಿದಾರೆ?"

ಎಲ್ಲರೂ ತಿರುಗಿ ರಿಪೇರಿಯವನನ್ನು ನೋಡಿದರು. ತಳ್ಳಿಕೊಂಡು ಹೋಗಿ ಮಗಳ ಎದುರು ಕೂರಿಸಿಯೇ ಬಿಟ್ಟರು.

"ಹೆದರ್ಬೇಡ ಕಂದಾ, ನಾನು ತುಟಿಪಿಟಕ್ಕನ್ನಲ್ಲ," ಎಂದು ಅವನು ಪಿಸುಗುಟ್ಟಿದ.

"ಹೊತ್ತಾಗಿದೆ, ಒಂದೇ ಪ್ರಶ್ನೆ. ಮೊದಲು ಸರಿಯಾಗಿ ಹೇಳಿದವರಿಗೆ ಗಡಿಯಾರ," ಎಂದು ಹೆಡ್‌ಮೇಡಂ ಚೀಟಿ ಬಿಡಿಸಿದರು. "ಮೂರೂ ಕಾಲು ಗಂಟೆಗೆ ಗಡಿಯಾರದ ಎರಡು ಮುಳ್ಳುಗಳ ನಡುವೆ ಎಷ್ಟು ಡಿಗ್ರಿ?"

ಪುಟ್ಟಿ ಕಣ್ಣು ಮುಚ್ಚಿ ಲೆಕ್ಕ ಹಾಕತೊಡಗಿದಳು. ಅಷ್ಟರಲ್ಲಿ ಪ್ರಶ್ನೆ ಬರೆದಿದ್ದ ಔಷಧಿ ಅಂಗಡಿಯವನು ತಡೆಯಲಾರದೆ, "ಎರಡೂ ಮೂರರ ಮೇಲೇ ಇರುತ್ತೆ, ಸೊನ್ನೆ!" ಎಂದು ಕೂಗಿದ.

ಇಪ್ಪತ್ತು ವರ್ಷ ಗಡಿಯಾರ ಬಿಚ್ಚಿ ಕಟ್ಟಿದವನು ಇದನ್ನು ಹೇಗೆ ಸಹಿಸಿಯಾನು?

"ಸೊನ್ನೆಯಂತೆ ಸೊನ್ನೆ! ಅಷ್ಟೊತ್ತಿಗೆ ಚಿಕ್ಕ ಮುಳ್ಳು ಮುಂದೆ ಹೋಗಿರುತ್ತೆ ಕಣ್ರೀ! ಏಳೂವರೆ ಡಿಗ್ರಿ!"

ಪುಟ್ಟಿಯ ಬಾಯಲ್ಲಿ 'ಏ' ಮಾತ್ರ ಬಂದಿತ್ತು.

ಚಪ್ಪಾಳೆಯೋ ಚಪ್ಪಾಳೆ. ತನ್ನದೇ ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು, ತಲೆ ತಗ್ಗಿಸಿ ಅವನು ಮಗಳ ಹಿಂದೆ ಮನೆಯ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಗಡಿಯಾರವನ್ನು ಅವಳ ಮುಂದೆ ಚಾಚಿದ.

"ತಗೋ ಕಂದಾ, ಇದು ನಿಂದೇ."

"ಬೇಡ, ನೀನೇ ಇಟ್ಕೋ. ಮುಂದಿನ ವರ್ಷ ನಾನು ಓಟಕ್ಕೇ ಸೇರ್ತೀನಿ ಅಪ್ಪಾ. ಅಲ್ಲಿ ನೀನು ಓಡಲ್ವಲ್ಲ."