ಸಮೀಕ್ಷಾಳ ಮೊದಲ ಏಕಾದಶಿ

ಐದು ವರ್ಷದ ಸಮೀಕ್ಷಾ ತಟ್ಟೆ ದೂಡಿದ ರಭಸಕ್ಕೆ ಅದರಲ್ಲಿದ್ದ ಉಪ್ಪಿಟ್ಟು ಪೂರ್ತಿ ಹಾರಿ, ಅಪ್ಪ ವಿಜಯೀಂದ್ರನ ಮಡಿ ಧೋತರದ ಮೇಲೆ ಬಂದು ಕೂತಿತು. ಅದೂ ಏಕಾದಶಿಯ ಬೆಳಿಗ್ಗೆ! ಮನೆಯ ದೊಡ್ಡವರು ಅನ್ನ, ರವೆ ಒಂದನ್ನೂ ಬಾಯಿಗೆ ಸೋಕಿಸದ ದಿನ. ಸ್ನಾನ ಮುಗಿಸಿ ಪೂಜೆಗೆ ಕೂಡುವ ಗಳಿಗೆ. ಹಾಲಿನ ಪಾತ್ರೆ ಮರಳಿಸಲು ಬಂದ ಎದುರುಮನೆಯ ಹೀನಾ ಬಾಗಿಲಲ್ಲೇ ನಿಂತು ನಕ್ಕಳು.

"ಭಾಯಿಸಾಬ್, ನಾಷ್ಟಾ ಹೊಟ್ಟಿ ಒಳಗ ಹಾಕ್ಕೋತಾರ್ರೀ, ಹೊಟ್ಟಿ ಮ್ಯಾಲಲ್ಲ!"

ವಿಜಯೀಂದ್ರನ ಸಿಟ್ಟು ನೆತ್ತಿಗೇರಿತು. ಹೆಂಡತಿ ರಂಜನಾ ಎರಡು ದಿನದ ಹಿಂದೆ ಕಮಲಾಪುರಕ್ಕೆ ಹೋಗಿದ್ದಳು. ಅಲ್ಲಿ ಅವನ ಸೋದರತ್ತೆ ಸಾವಿತ್ರೀಬಾಯಿ ಕಾಲು ಉಳುಕಿಸಿಕೊಂಡು ಮಂಚ ಹಿಡಿದಿದ್ದರು. "ಮನಿ, ಮಗಳು, ಅಡಗಿ, ಎಲ್ಲಾ ನಾ ನೋಡ್ಕೋತೀನಿ. ನೀ ಬೇಫಿಕರ್ ಹೋಗು!" ಎಂದು ಎದೆ ತಟ್ಟಿ ಕಳಿಸಿದ್ದ. ಆ ಎದೆಯ ಮೇಲೂ ಈಗ ಒಂದಿಷ್ಟು ಸಾಸಿವೆ ಅಂಟಿತ್ತು.

"ಏನಿದು ಸಮೂ?" ಎಂದು ಗುಡುಗಿದ.

ಸಮೀಕ್ಷಾ ತುಟಿ ಬಿಗಿದು, ಕಣ್ಣರಳಿಸಿ, "ನಂಗ ಬ್ಯಾಡ. ಇವತ್ತ ನಂದೂ ಏಕಾದಶಿ!" ಅಂದಳು.

ಗುಡುಗು ಅಲ್ಲೇ ನಿಂತಿತು! ವಿಜಯೀಂದ್ರ ಬೆರಗಾಗಿ ಮಗಳನ್ನೇ ನೋಡಿದ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಹೆದರಿಸಿಲ್ಲ. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪದ್ಯ ಒಪ್ಪಿಸುವ ಕೂಸು ತಾನಾಗಿಯೇ ಹರಿದಿನದ ಉಪವಾಸ ಹಿಡಿದಿದೆ! ಪೂರ್ವಜನ್ಮದ ಸಂಸ್ಕಾರವಲ್ಲದೆ ಇನ್ನೇನು? ಆ ಸಂಸ್ಕಾರ ತನ್ನ ಕಡೆಯಿಂದಲೇ ಬಂದದ್ದು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ರಂಜನಾಳ ಕಡೆಯವರು ಏಕಾದಶಿಯಂದು ಮೂರು ಸಲ ಸಾಬುದಾಣಿ ಖಿಚಡಿ ತಿನ್ನುವ ಜನ.

ಮರುಗಳಿಗೆಯೇ ಅವನಿಗೆ ಅತ್ತೆಯ ನೆನಪಾಯಿತು. ಸಾವಿತ್ರೀಬಾಯಿ ಜನ್ಮದಲ್ಲಿ ಯಾರನ್ನೂ ಹೊಗಳಿದವರಲ್ಲ. ಕಳೆದ ಸಲವಂತೂ ಹತ್ತು ಜನರ ಮುಂದೆ, "ನಿನ್ನ ಮಗಳು ದೀಪಾ ಹಚ್ಚೂದು ಕಲಿಯೂಕಿಂತ ಮೊದಲ ಆರಸೂದು ಕಲಿತಾಳ. ಬರ್ಥಡೇ ಅಂತ, ಬರ್ಥಡೇ!" ಎಂದು ಮೂದಲಿಸಿದ್ದರು. ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಇವತ್ತು ಅದನ್ನು ಕಿತ್ತೊಗೆಯಬೇಕು. ಅತ್ತೆಯ ಬಾಯಿಂದಲೇ ಮಗಳನ್ನು ಹೊಗಳಿಸಬೇಕು!

ಮತ್ತೊಮ್ಮೆ ಸ್ನಾನ, ಗಡಿಬಿಡಿಯ ಪೂಜೆ. ಪಾತ್ರೆಯಲ್ಲಿ ಉಳಿದ ಉಪ್ಪಿಟ್ಟನ್ನು ಡಬ್ಬಿಗೆ ತುಂಬಿಕೊಂಡ. ಎಷ್ಟೆಂದರೂ ಮಗು, ದಾರಿಯಲ್ಲಿ ಮನಸ್ಸು ಬದಲಿಸಿದರೆ? ಸೂಪರ್ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡ. ಕಮಲಾಪುರಕ್ಕೇ ಹೊರಟವನು ಕಮಲಾಪುರದ ಹಣ್ಣನ್ನು ಕಲಬುರಗಿಯಲ್ಲಿ ಕೊಂಡದ್ದು ಹೊಳೆದಾಗ ಬಸ್ಸು ಹೊರಟಾಗಿತ್ತು. ಹಿಗ್ಗಿದ ತಲೆಯಲ್ಲಿ ಲೆಕ್ಕಕ್ಕೆ ಜಾಗವೆಲ್ಲಿ? ಸಮೀಕ್ಷಾ ಮಾತ್ರ ಕಿಟಕಿಗೆ ಮೂಗು ಹಚ್ಚಿ ಒಂದರ ಹಿಂದೆ ಒಂದು ಹಣ್ಣು ಮುಗಿಸುತ್ತಿದ್ದಳು. ಹಣ್ಣಿಗೆ ಏಕಾದಶಿಯ ಅಡ್ಡಿಯಿಲ್ಲವಲ್ಲ!

ಪಕ್ಕದ ಸೀಟಿನಲ್ಲಿ ಮಹಾಗಾಂವದ ಮಲ್ಕಮ್ಮ. ಸಂತೆಚೀಲದಿಂದ ಬಿಸ್ಕೀಟು ತೆಗೆದು ಮಗುವಿಗೆ ಚಾಚಿದಳು. ಮಗು ಕೈ ನೀಡುವಷ್ಟರಲ್ಲಿ ವಿಜಯೀಂದ್ರ ಅಡ್ಡ ಬಂದ.

"ಬ್ಯಾಡ್ರೀ. ಆಕಿದು ಇವತ್ತ ಏಕಾದಶಿ ಅದ."

"ಯವ್ವಾ! ಇಷ್ಟ ಸಣ್ಣ ಕೂಸಿಗಿ ಉಪಾಸ ಕೆಡವೀರಿ? ತಂದಿ ಇದ್ದೀರೋ ವೈರಿ ಇದ್ದೀರೋ?"

ಇಡೀ ಬಸ್ಸು ಹೊರಳಿ ನೋಡಿತು. ವಿಜಯೀಂದ್ರ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ನಾ ಕೆಡವಿಲ್ರೀ, ಆಕೀನ ಹಿಡದಾಳ. ನೋಡ್ರಿ ಬೇಕಾರ. ಸಮೂ, ಉಪ್ಪಿಟ್ಟು ತಿಂತಿಯೇನವಾ?"

ಸಮೀಕ್ಷಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಳು.

"ಶರಣವ್ವಾ ತಾಯಿ! ಹಸದ ಹೊಟ್ಟಿಲೆ ಉಪ್ಪಿಟ್ಟಿಗಿ ಬೆನ್ನ ಮಾಡ್ತಾಳಲ್ಲ!" ಎಂದು ಮಲ್ಕಮ್ಮ ಕೈ ಮುಗಿದಳು. ಕಂಡಕ್ಟರ್ ಕೂಡ ಮಗುವಿನ ಕೆನ್ನೆ ಚಿವುಟಿ ಹೋದ. ಕಮಲಾಪುರ ಬರುವಷ್ಟರಲ್ಲಿ ವಿಜಯೀಂದ್ರ ಕಾದ ಎಣ್ಣೆಗೆ ಬಿದ್ದ ಪೂರಿಯಾಗಿದ್ದ!

ಸಾವಿತ್ರೀಬಾಯಿ ಮಂಚದ ಮೇಲೆ ಕಾಲು ಚಾಚಿ ಜಪಮಣಿ ಎಣಿಸುತ್ತಿದ್ದರು. ಹನಿ ನೀರೂ ಕುಡಿಯದ ಏಕಾದಶಿ ಅವರದು. ವಿಜಯೀಂದ್ರ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟ.

"ಹುಚ್ಚಪ್ಪಾ, ಇಷ್ಟ ಸಣ್ಣ ಮಕ್ಕಳಿಗೆ ಎಲ್ಲಿ ಏಕಾದಶಿನೋ?" ಎಂದು ಅತ್ತೆ ಗದರಿದರು.

"ಅದ ಕೌತುಕ ಅತ್ಯಾ! ನಾ ಉಪ್ಪಿಟ್ಟು ಮಾಡಿ ಮುಂದ ಇಟ್ರ ಧೋತರದ ಮ್ಯಾಲೆ ಒಗದಳು. ಬಸ್ಸಿನ್ಯಾಗೂ ಕೊಟ್ಟೆ. ಮುಟ್ಟಲಿಲ್ಲ! ಈಗ ನೀವ ನೋಡ್ರಿ."

ಎರಡನೆಯ ಸಲ ಡಬ್ಬಿ ತೆರೆಯಿತು. ಸಮೀಕ್ಷಾ ಒಮ್ಮೆ ಬಗ್ಗಿ ನೋಡಿ ಓಡಿಹೋಗಿ ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. ಸಾವಿತ್ರೀಬಾಯಿಯ ಬೆರಳು ಜಪಮಣಿಯ ಮೇಲೆ ನಿಂತಿತು. ಕಣ್ಣು ಒದ್ದೆಯಾಯಿತು.

"ವಿಜ್ಯಾ, ನಾ ತಪ್ಪು ಅಂದಿದ್ದೆ. ನಮ್ಮ ಮನಿತನದಾಗ ಇಂಥಾ ಕೂಸು ಹುಟ್ಟಿಲ್ಲೋ. ಬಂಗಾರದಂಗ ಬೆಳಸೀಯಪ್ಪಾ."

ಆಹಾ! ವಿಜಯೀಂದ್ರ ವಿಜಯದ ಇಂದ್ರನೇ ಆಗಿಬಿಟ್ಟ. ಐರಾವತ ಒಂದು ಕಡಿಮೆ, ಅಷ್ಟೆ!

ಒಳಗಿಂದ ಬಂದ ರಂಜನಾ ಡಬ್ಬಿಯನ್ನೂ ಗಂಡನನ್ನೂ ಮತ್ತೆ ಮತ್ತೆ ನೋಡಿದಳು.

"ರೀ, ರುಚಿ ನೋಡೀರೇನು?"

"ಏಕಾದಶಿ ದಿನ ನಾ ಹೆಂಗ ನೋಡ್ಲೇ?"

"ಉಪ್ಪು ಹಾಕಿದ್ದಾದ್ರೂ ನೆನಪದನೋ?"

"ಸ್ತೋತ್ರ ಅನ್ಕೋತ ಮಾಡಿದೆ. ಹಾಕೀನೋ ಇಲ್ಲೋ ಅಂತ ಸಂಶಯ ಬಂತು. ಇರ್ಲಿ ಅಂತ ಮತ್ತೊಮ್ಮಿ ಹಾಕಿದೆ."

ರಂಜನಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಕೆಯೂ ಏಕಾದಶಿ, ರುಚಿ ನೋಡುವ ಹಾಗಿಲ್ಲ. ಅಂಗಳಕ್ಕೆ ಇಳಿದು ಓಣಿಯ ನಾಯಿಗೆ ಒಂದು ಹಿಡಿ ಹಾಕಿದಳು. ನಾಯಿ ಒಂದು ತುತ್ತು ನೆಕ್ಕಿ, ತಲೆ ಕೊಡವಿ, ನಳದ ಕಡೆ ಓಟ ಕಿತ್ತಿತು.

"ನೋಡಿದ್ರೇನು ಅತ್ಯಾ!" ವಿಜಯೀಂದ್ರ ಇನ್ನೂ ಇಂದ್ರಪದವಿಯಿಂದ ಇಳಿದಿರಲಿಲ್ಲ. "ನಿಮ್ಮ ಓಣ್ಯಾಗ ನಾಯಿನೂ ಏಕಾದಶಿ ಮಾಡ್ತದ!"

ಸಾವಿತ್ರೀಬಾಯಿಗೆ ಇದಾವುದರ ಮೇಲೂ ಲಕ್ಷ್ಯವಿರಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ನೇವರಿಸಿದರು.

"ನನ್ನ ಬಂಗಾರಾ, ಮುಂದಿನ ಏಕಾದಶಿನೂ ಹಿಂಗ ಮಾಡ್ತಿಯಲಾ?"

ಸಮೀಕ್ಷಾ ಅಜ್ಜಿಯ ಜಪಮಣಿ ಎಳೆಯುತ್ತ ತಲೆ ಎತ್ತಿದಳು.

"ಆವಾಗ ಮಮ್ಮಿ ಮನ್ಯಾಗ ಇರ್ತಾಳೇನಜ್ಜಿ?"

"ಇರ್ತಾಳವಾ. ಯಾಕ?"

"ಹಂಗಾರ ಇಲ್ಲ. ಪಪ್ಪಾ ಅಡಗಿ ಮಾಡಿದ ದಿನ ಅಷ್ಟ ನಂದು ಏಕಾದಶಿ."