ಏಡನ್ನಿನ ಟ್ರಂಕು

ಒಡೆಯಬಾರದು, ಸೋರಬಾರದು, ಕೊಳೆಯಬಾರದು. ಊರಿಗೆ ಒಯ್ಯುವ ಸಾಮಾನು ಆರಿಸುವಾಗ ದುರ್ಗಪ್ಪ ಈ ಮೂರನ್ನೂ ನೋಡಿದ್ದ. ಮೇಲೆ ಏನು ಅಚ್ಚಾಗಿದೆ ಎಂದು ಯಾರಿಂದಲಾದರೂ ಓದಿಸಿ ನೋಡಬೇಕೆಂಬ ನಾಲ್ಕನೆಯದು ಮಾತ್ರ ಹೊಳೆದಿರಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅವನು ಹೊನ್ನಾವರ ಬಿಟ್ಟದ್ದು ದುಡಿಯಲು ಅರಬಸ್ತಾನದ ಏಡನ್ನಿಗೆ ಹೋಗುತ್ತೇನೆಂದು. ಬೊಂಬಾಯಿಯ ಬಂದರಿನಲ್ಲಿ ಏಜೆಂಟನೊಬ್ಬ ದೂರದ ಹಡಗನ್ನು ಬೆರಳು ಮಾಡಿ ತೋರಿಸಿ, ಚೀಟಿ ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಸಂಜೆಗೆ ಹಡಗೂ ಹೋಯಿತು. ಕೇರಿಗೆ ಕೇರಿಯೇ ಬಸ್ಸಿನವರೆಗೆ ಬಂದು ಬೀಳ್ಕೊಟ್ಟಿತ್ತು. ಎಂಟೇ ದಿನಕ್ಕೆ ಯಾವ ಮುಖ ಹೊತ್ತು ಹಿಂದಿರುಗುವುದು? ದುರ್ಗಪ್ಪ ಬಂದರಿನ ಹತ್ತಿರದ ಚಾ ಹೊಟೇಲೊಂದನ್ನು ಸೇರಿ ಕಪ್ಪು ತೊಳೆದ, ಮೇಜು ಒರೆಸಿದ. ಊರಿಗೆ ಬರೆಸಿದ ಕಾಗದಗಳಲ್ಲಿ ಮಾತ್ರ ಏಡನ್ನಿನಲ್ಲಿದ್ದ. ಕಾಗದದ ಮೇಲೆ ಬೊಂಬಾಯಿಯ ಮುದ್ರೆ ಏಕೆಂದು ಯಾರಾದರೂ ಕೇಳಿಯಾರೆಂದು, ಹಡಗಿನವರ ಕೈಯಲ್ಲಿ ಕೊಟ್ಟು ಬೊಂಬಾಯಿಯಲ್ಲಿ ಟಪಾಲಿಗೆ ಹಾಕಿಸುತ್ತೇನೆ ಎಂದು ಅದನ್ನೂ ಬರೆಸಿದ್ದ.

ನಾಲ್ಕು ವರ್ಷಕ್ಕೆ ಸಾಕಾಯಿತು. ಹೆಂಡತಿಗೆ ನಿಜ ಹೇಳಿ, ಊರಲ್ಲೇ ಏನಾದರೂ ಮಾಡಿಕೊಂಡು ಇದ್ದುಬಿಡುವುದೆಂದು ನಿಶ್ಚಯಿಸಿದ. ಆದರೆ ಪರದೇಶದಿಂದ ಬರುವವನು ಬರಿಗೈಯಲ್ಲಿ ಬಂದರೆ ಹೆಂಡತಿಗಿಂತ ಮೊದಲು ಊರಿಗೇ ನಿಜ ತಿಳಿಯುತ್ತದೆ. ಹಡಗಿನ ಖಲಾಸಿಗಳು ವಿಲಾಯತಿ ಸಾಮಾನು ಮಾರುವ ಓಣಿಯಲ್ಲಿ ಮೂರು ಸಂಜೆ ಅಲೆದ. ಪಿಂಗಾಣಿ ಬಟ್ಟಲೊಂದನ್ನು ಎತ್ತಿ, ಮುದ್ದಿಸಿ, ಕೆಳಗಿಟ್ಟ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಮೇಲಿನ ಟ್ರಂಕು ಹುರಿಗಡಲೆಯಂತೆ ಹಾರುವುದನ್ನು ಅವನು ಬಲ್ಲ. ಅತ್ತರಿನ ಬಾಟಲಿಯ ಬಿರಡೆ ಸಡಿಲವಿತ್ತು. ಕೊನೆಗೆ ಹೆಂಡತಿ ಸೋಮಿಗೆ ಒಂದು ಮುಷ್ಟಿಯೊಳಗೆ ಅಡಗುವ ನೈಲಾನ್ ಸೀರೆ, ತೊಟ್ಟಿಲಲ್ಲಿ ಬಿಟ್ಟುಹೋದ ಮಗಳಿಗೆ ಹಿಚುಕಿದರೆ ಕೂಗುವ ರಬ್ಬರ್ ಗೊಂಬೆ, ಕೇರಿಯವರಿಗೆಂದು ಒಂದು ಡಜನ್ ಸಾಬೂನು, ಮತ್ತು ಖರ್ಜೂರ. ಯಾವುದೂ ಒಡೆಯುವಂಥದ್ದಲ್ಲ.

ಹುಬ್ಬಳ್ಳಿಯಲ್ಲಿ ರೈಲು ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ ಅವನು ಮನೆ ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಟ್ರಂಕು ಅಂಗಳಕ್ಕೆ ಬರುವ ಮೊದಲೇ ಜಗುಲಿಯಲ್ಲಿ ಜನ ತುಂಬಿದ್ದರು. ಸೋಮಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಮಗಳು ನರ್ಮದಾ ತಾಯಿಯ ಸೀರೆಯ ಹಿಂದಿನಿಂದ ಇಣುಕಿ, "ಅಬ್ಬೇ, ಏಡನ್ ಬಂತು" ಎಂದಳು. ಎಲ್ಲರೂ ನಕ್ಕರು. ದುರ್ಗಪ್ಪನೂ ನಕ್ಕ. ಗೊಂಬೆ ಕೊಡಲು ಹೋದರೆ ಹುಡುಗಿ ಚಿಕ್ಕಮ್ಮ ಸುಮತಿಯ ಹತ್ತಿರ ಓಡಿತು. ಸುಮತಿ ಎಂದರೆ ಸೋಮಿಯ ತಂಗಿ. ತಾಯಿ ತೀರಿದ ಮೇಲೆ ಅಕ್ಕನ ಮನೆಯಲ್ಲೇ ಇದ್ದಳು.

ಟ್ರಂಕು ತೆರೆದದ್ದು ಅವನಲ್ಲ, ಕೇರಿ. ಪಕ್ಕದ ಮನೆಯ ಮುದುಕಿ ಗಣಪಿ ಸಾಬೂನುಗಳನ್ನು ತಾನೇ ಹಂಚಲು ನಿಂತಳು. ಶಾಲೆಯಿಂದ ನಿವೃತ್ತರಾದ ನಾಗಪತಿ ಮಾಸ್ತರರು ತಮ್ಮ ಪಾಲಿನದನ್ನು ಮೂಸಿ, ಕನ್ನಡಕ ಏರಿಸಿ, ಅದರ ಕಾಗದವನ್ನು ಪಂಚಾಂಗದಂತೆ ಓದಿದರು. ಸಾಬೂನು ಬೊಂಬಾಯಿಯಲ್ಲೇ ತಯಾರಾದದ್ದು.

ಜಗುಲಿಯೆಲ್ಲ ದುರ್ಗಪ್ಪನತ್ತ ತಿರುಗಿತು. ಏಡನ್ನಿನವರಿಗೆ ನಮ್ಮ ದೇಶದ ಸಾಬೂನೆಂದರೆ ಜೀವ, ಅಲ್ಲಿ ಮಾರುವುದೆಲ್ಲ ಇದೇ ಎಂದು ದುರ್ಗಪ್ಪ ಹೇಳಿದ. ಮಾಸ್ತರರು ತಲೆದೂಗಿದರು. ಅದು ಅಲ್ಲಿಗೆ ಹೋಗಿ ತಿರುಗಿ ಬಂದದ್ದಾದರೆ ನಿನಗಿಂತ ಹೆಚ್ಚು ಸಮುದ್ರ ಕಂಡಿದೆ ಎಂದರು. ಅಷ್ಟರಲ್ಲಿ ಗಣಪಿ ಖರ್ಜೂರದ ಪೊಟ್ಟಣ ಬಿಚ್ಚಿದ್ದಳು. ಸುತ್ತಿದ್ದು ಮರಾಠಿ ಪತ್ರಿಕೆ, ಹೋದ ಶುಕ್ರವಾರದ್ದು. ಮಾಸ್ತರರಿಗೆ ಮರಾಠಿಯೂ ಬರುತ್ತಿತ್ತು. ದಾರಿಯಲ್ಲಿ ಬೊಂಬಾಯಿಯಲ್ಲಿ ಇಳಿದಾಗ ಪೊಟ್ಟಣ ಹರಿಯಿತು, ಬೇರೆ ಕಾಗದ ಸುತ್ತಿದೆ ಎಂದ ದುರ್ಗಪ್ಪ. ಮಾಸ್ತರರು ಅದನ್ನೂ ಒಪ್ಪಿ, ಇಡೀ ಪುಟ ಓದಿ ಮುಗಿಸಿಯೇ ಖರ್ಜೂರ ತಿಂದರು.

ಊಟವಾದ ಮೇಲೆ ಎಲ್ಲ ಹೋದಾರು, ಸೋಮಿಯ ಹತ್ತಿರ ಮಾತಾಡೋಣ ಎಂದು ಕಾದ. ಆದರೆ ಸಂತೆಗೆ ಸೊಪ್ಪು ಮಾರಲು ಹೋಗಿದ್ದ ಗಣಪಿ ಬರುವಾಗ ಒಬ್ಬರನ್ನು ಕರೆದುಕೊಂಡೇ ಬಂದಳು. ಭಟ್ಕಳದ ಮೊಹಿದ್ದೀನ್ ಸಾಹೇಬರು. ಏಡನ್ನಿನಲ್ಲಿ ಹದಿನೆಂಟು ವರ್ಷ ಬಟ್ಟೆ ಅಂಗಡಿ ಇಟ್ಟವರು. ಹೊಸ ಮನೆಗೆ ಮರ ನೋಡಲು ಹೊನ್ನಾವರಕ್ಕೆ ಬಂದಿದ್ದರು. ಒಂದೇ ಊರಿನಲ್ಲಿದ್ದ ಇಬ್ಬರನ್ನು ಕೂಡಿಸಿ ಪುಣ್ಯ ಕಟ್ಟಿಕೊಂಡೆನೆಂದು ಗಣಪಿ ಕೇರಿಯನ್ನೆಲ್ಲ ಮತ್ತೆ ಕರೆದಳು.

ದುರ್ಗಪ್ಪ ಹೊಟ್ಟೆನೋವೆಂದು ಹಿತ್ತಲಿಗೆ ಹೋಗಿ ಬಾಳೆಗಿಡಗಳ ನಡುವೆ ಕುಳಿತ. ಗಣಪಿ ಅಲ್ಲಿಗೂ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಕಸಾಯಿ ನೋಡಿದ ಆಡಿನ ಹಾಗೆ ಅವನು ಜಗುಲಿಗೆ ನಡೆದ.

"ಅಲ್ಲಿ ಎಲ್ಲಿದ್ರಿ?" ಸಾಹೇಬರು ಸಂತೋಷದಿಂದ ಕೇಳಿದರು.

"ಬಂದರದ ಹತ್ರ."

"ಬಂದರದ ಯಾವ ಬದಿ?"

"ನೀರಿನ ಬದಿ" ಎಂದ ದುರ್ಗಪ್ಪ.

ಸಾಹೇಬರ ನಗು ಸ್ವಲ್ಪ ತಡೆಯಿತು. ಅಷ್ಟರಲ್ಲಿ ಗಣಪಿ ಬಾಯಿ ಹಾಕಿದಳು. "ಅಲ್ಲಿ ಮಳೆಗಾಲ ಹೇಂಗೆ ತಮಾ? ನಮ್ಮಂಗೇಯಾ?"

ಮಳೆ ಎಲ್ಲಾ ಕಡೆಯೂ ಮಳೆಯೇ ಅಲ್ಲವೇ ಎಂದು ದುರ್ಗಪ್ಪ ಧೈರ್ಯ ಮಾಡಿದ. ಜೂನಿಗೆ ಹಿಡಿದರೆ ಬಿಡುವುದಿಲ್ಲ, ಏಡನ್ನಿನ ಹೊಳೆ ನಮ್ಮ ಶರಾವತಿಯ ಹಾಗೆ ದಡ ಮೀರುತ್ತದೆ ಎಂದು ಹೇಳಿಬಿಟ್ಟ.

ಹೊಳೆಯೇ ಇಲ್ಲದ, ವರ್ಷಕ್ಕೆ ನಾಲ್ಕು ಹನಿ ಬಿದ್ದರೆ ಹೆಚ್ಚೆನ್ನುವ ಊರಿನಲ್ಲಿ ಹದಿನೆಂಟು ವರ್ಷ ಕಳೆದಿದ್ದ ಸಾಹೇಬರು ಅವನ ಮುಖವನ್ನು ನೋಡಿದರು. ಆಮೇಲೆ ಅವನ ಕೈಗಳನ್ನು ನೋಡಿದರು. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನಾಲ್ಕು ವರ್ಷ ಕಪ್ಪು ತೊಳೆದ ಬೆರಳುಗಳು ಬಿಳಚಿ, ಸಂದುಗಳಲ್ಲಿ ಒಡೆದಿದ್ದವು. ಜಗುಲಿಯಲ್ಲಿ ಎಲ್ಲರೂ ಸಾಹೇಬರ ಬಾಯನ್ನೇ ನೋಡುತ್ತಿದ್ದರು.

"ಹೌದು" ಎಂದರು ಅವರು. "ಇವ್ರಿದ್ದ ಬದಿಗೆ ಮಳೆ ಜೋರು. ನಮ್ಮ ಅಂಗಡಿ ಬದಿಗೆ ಅಷ್ಟಿಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯ ಮನುಷ್ಯ ಒಳ್ಳೆಯದು ಮಾಡಲು ಹೊರಟರೆ ತಡೆಯುವವರಾರು. ಈ ದುರ್ಗಪ್ಪನನ್ನು ತಾವು ಅಲ್ಲಿ ಎಷ್ಟೋ ಸಲ ಕಂಡದ್ದುಂಟೆಂದರು. ದೊಡ್ಡ ಗೋದಾಮಿನ ಮ್ಯಾನೇಜರ್, ಕೈಕೆಳಗೆ ಮೂವತ್ತು ಜನ, ಇವರಿಲ್ಲದೆ ಅಲ್ಲಿ ಬೀಗ ತೆಗೆಯುವುದಿಲ್ಲ ಎಂದರು. ಜಗುಲಿ ಹೆಮ್ಮೆಯಿಂದ ಉಸಿರೆಳೆದುಕೊಂಡಿತು. ಹೊರಡುವಾಗ ಬೇಲಿಯ ಹತ್ತಿರ ಸಾಹೇಬರು ಆ ಒಡೆದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಹೇಳಿದರು:

"ನನ್ನ ಮೊದಲ ಎರಡು ವರ್ಷಾನೂ ಬೊಂಬಾಯಿಯಲ್ಲೇ ಹೋಯ್ತು."

ಸಂಜೆಯೊಳಗೆ ನಾಲ್ವರು ಬಂದು, ಗೋದಾಮಿನಲ್ಲಿ ತಮ್ಮ ಮಗನಿಗೊಂದು ಜಾಗ ನೋಡೆಂದು ಹೇಳಿಹೋದರು. ಗಣಪಿ ತನ್ನ ಮೊಮ್ಮಗನನ್ನು ಕಾಲಿಗೆ ಬೀಳಿಸಿದಳು. ದುರ್ಗಪ್ಪ ಎಲ್ಲರಿಗೂ ಆತು ಆತು ಎಂದ.

ಹೊತ್ತು ಮುಳುಗುವಾಗ ಸೋಮಿ ನೀರಿಗೆ ಬಾವಿಕಟ್ಟೆಗೆ ಹೋದಳು. ಅವನು ಹಿಂದೆಯೇ ಹೋಗಿ ಹಗ್ಗ ಹಿಡಿದುಕೊಂಡ.

"ನಾ ಏಡನ್ನಿಗೆ ಹೋಗ್ಲೇ ಇಲ್ಲ" ಎಂದ.

ಸೋಮಿ ಕೊಡ ಕೆಳಗಿಟ್ಟಳು. "ಗೊತ್ತು."

ದುರ್ಗಪ್ಪ ಹಗ್ಗ ಬಿಟ್ಟು ಅವಳತ್ತ ತಿರುಗಿದ.

"ಮೂರು ವರ್ಷದ ಹಿಂದೆ ನಮ್ಮ ಶುಕ್ರಣ್ಣ ಕಣ್ಣು ತೋರ್ಸೂಕೆ ಬೊಂಬಾಯಿಗೆ ಹೋಗಿದ್ದ. ಯಾವ್ದೋ ಹೊಟೇಲ್ನಲ್ಲಿ ಚಾ ಕುಡಿಯೂಕೆ ಕೂತಿದ್ನಂತೆ. ನೀವೇ ಬಂದು ಅವನ ಮುಂದಿನ ಮೇಜು ಒರೆಸಿದ್ರಂತೆ. ಅವ ಮಾತಾಡ್ಸೂಕೆ ಬಾಯಿ ತೆಗೆದ. ನೀವು ತಲೆ ಎತ್ತಿ ನೋಡ್ಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲಿ ಬಂದು ನನ್ನ ಹತ್ರ ಮಾತ್ರ ಹೇಳ್ದ. ಹೇಳಿ ಅತ್ತ. ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದೆ."

ದಿನಕ್ಕೆ ನೂರಾರು ಮೇಜು ಒರೆಸುತ್ತಿದ್ದ. ಯಾವ ಮೇಜಿನಲ್ಲಿ ಸೋಮಿಯ ಅಣ್ಣ ಕುಳಿತಿದ್ದ ಎಂದು ದುರ್ಗಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಒಂದು ಮುಖವೂ ನೆನಪಿಗೆ ಬರಲಿಲ್ಲ. ಬಾವಿಯ ಕಲ್ಲಿನ ಮೇಲೆ ಕುಳಿತ. ನಾಚಿಕೆಯ ಅಡಿಯಲ್ಲಿ ಎಲ್ಲೋ ಹಗುರವೂ ಆಗುತ್ತಿತ್ತು. ಇನ್ನು ಸುಳ್ಳು ಹೇಳಬೇಕಾಗಿಲ್ಲ. ನಾಳೆಯೇ ಕುಮಟೆಗೆ ಹೋಗಿ ಯಾವುದಾದರೂ ಹೊಟೇಲಿನಲ್ಲಿ ಕೆಲಸ ಕೇಳುತ್ತೇನೆ, ಶನಿವಾರಕ್ಕೊಮ್ಮೆ ಮನೆಗೆ ಬರಬಹುದು, ಮಗಳು ಗುರುತು ಹಿಡಿಯುತ್ತಾಳೆ ಎಂದ.

ಸೋಮಿ ಎರಡು ಕೊಡ ತುಂಬಿದಳು. ಆಮೇಲೆ ಹೇಳಿದಳು: "ಸುಮತಿಗೆ ಕುಮಟೆಯ ಗಂಡು ಗೊತ್ತಾಗಿದೆ. ಹುಡುಗ ಕೋರ್ಟಿನಲ್ಲಿ ಗುಮಾಸ್ತ. ಹುಡುಗಿಯ ಭಾವ ಏಡನ್ನಿನಲ್ಲಿದ್ದಾನೆ ಅಂತಲೇ ಒಪ್ಪಿದ್ದು. ಇವತ್ತು ಸಾಹೇಬ್ರು ಹೇಳಿದ್ದು ಇಷ್ಟೊತ್ತಿಗೆ ಅವರ ಮನೆಗೂ ಮುಟ್ಟಿರ್ತದೆ. ನೀವು ಅದೇ ಊರಲ್ಲಿ ಮೇಜು ಒರೆಸ್ತಾ ನಿಂತ್ರೆ..." ಅವಳು ಕೊಡದ ಬಾಯಿ ಒರೆಸಿದಳು. "ತಿರುಗಿ ಬೊಂಬಾಯಿಗೇ ಹೋಗ್ಬೇಕು ನೀವು."

ಅಂಗಳದಲ್ಲಿ ಸುಮತಿ ನರ್ಮದೆಗೆ ತಲೆ ಬಾಚುತ್ತಿದ್ದಳು. ದುರ್ಗಪ್ಪ ಅತ್ತ ನೋಡಿದ.

"ಆತು" ಎಂದ. "ಅವಳ ಮದುವೆ ಆದ ಮೇಲೆ ಬಂದುಬಿಡ್ಲಾ?"

ಸೋಮಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದನ್ನು ಅವನ ಕೈಗೆ ಕೊಟ್ಟಳು.

"ಆಮೇಲೆ ನರ್ಮದಾ ಇದ್ದಾಳಲ್ಲ" ಎಂದಳು.

ನರ್ಮದೆಗೆ ಆಗ ಐದನೆಯ ವರ್ಷ ನಡೆಯುತ್ತಿತ್ತು.