ಅಕ್ಕನಿಗೆ ನಾನು ಅರ್ಥ ಹೇಳಿದ ಸಿನಿಮಾ

ಎರಡು ಭಾಷೆ ಬಲ್ಲ ಮನುಷ್ಯನನ್ನು ಪೂರ್ತಿ ನಂಬಬಾರದು. ನಾನೂ ಅಂಥವನೊಬ್ಬನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ನಿಜಾಮರ ಕಾಲದಲ್ಲಿ ಉರ್ದು ಓದಿ ಮಸ್ಕಿಯಲ್ಲಿ ಮಾಸ್ತರನಾದವನು ನಾನು. ನೌಕರಿಯಲ್ಲಿ ಕಾಲೂರುವಷ್ಟರಲ್ಲಿ ಅವರ ಆಳ್ವಿಕೆ ಹೋಗಿ ಶಾಲೆಗೆ ಕನ್ನಡ ಬಂತು. ಬೆತ್ತದೇಟು ತಿಂದು ಕಲಿತ ನನ್ನ ಉರ್ದು, ಮದುವೆಯ ಶೇರವಾನಿಯ ಹಾಗೆ ಪೆಟ್ಟಿಗೆ ಸೇರಿತು. ಸಿಂಧನೂರಿಗೆ ಟೆಂಟ್ ಸಿನಿಮಾ ಬಂದಾಗ ಮಾತ್ರ ಅದಕ್ಕೆ ಗಾಳಿಯಾಡುತ್ತಿತ್ತು. ಪರದೆಯ ಮೇಲಿನವರು ಆಡಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಸುತ್ತ ಕೂತವರು ಅಳಬೇಕೋ ನಗಬೇಕೋ ಎಂಬುದನ್ನು ನನ್ನ ಬಾಯಿ ನೋಡಿ ತೀರ್ಮಾನಿಸುತ್ತಿದ್ದರು. ನಮ್ಮ ಹೆಡ್ ಮಾಸ್ತರರು ಕೂಡ ನನಗೆ ಅಷ್ಟು ಮರ್ಯಾದೆ ಕೊಟ್ಟವರಲ್ಲ.

ಆ ವರ್ಷ ನನ್ನ ಅಕ್ಕ ಗೌರಮ್ಮ ತವರಿಗೆ ಮರಳಿದ್ದಳು. ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ಇನ್ನೊಂದು ಸಂಸಾರ ಹೂಡಿದ್ದ. ಪಂಚರು ಕೂತು ಸೋಡಚೀಟಿ ಬರೆದು ಸಂಬಂಧ ಬಿಡಿಸಿದರು. ಅಕ್ಕ ಅಲ್ಲಿಂದ ತಂದದ್ದು ಒಂದು ಟ್ರಂಕು ಮತ್ತು ಪಕ್ಕದ ಮನೆಯ ಖಾಜಾಬಿ ಆರು ವರ್ಷ ಕೂಡಿಸಿಕೊಂಡು ಕಲಿಸಿದ ಹೊಲಿಗೆ. ಬಳೆ ಮಾರಿ ಮಷಿನ್ ತರಿಸುತ್ತೇನೆ ಅನ್ನುತ್ತಿದ್ದಳು. ನಾನೋ, ಅವಳನ್ನು ಒಂದು ಮಾತೂ ಕೇಳದೆ, ಸಂತೆಕಲ್ಲೂರಿನಲ್ಲಿ ಹೆಂಡತಿ ತೀರಿಕೊಂಡ ರೈತನೊಬ್ಬನಿಗೆ ಅವಳನ್ನು ಉಡಿಕೆ ಮಾಡಿ ಕೊಡುವುದಾಗಿ ಅರ್ಧ ಮಾತು ಕೊಟ್ಟು ಬಂದಿದ್ದೆ. ಸೋಮವಾರ ಅವರು ಉತ್ತರ ಕೇಳಲು ಬರುವವರಿದ್ದರು. ಮತ್ತೆ ಮದುವೆಯಾದರೆ ಅಕ್ಕ ಸುಖವಾಗಿರುತ್ತಾಳೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗಿದ್ದದ್ದು ಜನರ ಬಾಯಿಯ ಭಯ.

ಅವಳ ಮನಸ್ಸು ಹದ ಮಾಡೋಣವೆಂದು ಶನಿವಾರ ಸಂಜೆಯ ಆಟಕ್ಕೆ ಸಿಂಧನೂರಿಗೆ ಕರೆದೊಯ್ದೆ. ನನ್ನ ಗ್ರಹಚಾರ, ಅಂದಿನ ಕಥೆ ತಲಾಖ್ ಆದ ಹೆಂಗಸಿನದು! ‘ನನಗೆ ಆಸರೆ ಬೇಡ, ಕೆಲಸ ಬೇಕು’ ಎಂದು ಆಕೆ ಉರ್ದುವಿನಲ್ಲಿ ಹೇಳಿದಳು. ನಾನು ಗಂಟಲು ಸರಿಮಾಡಿಕೊಂಡು, “ಒಂಟಿ ಹೆಂಗಸಿಗೆ ಆಸರಾ ಬೇಕ ಬೇಕು ಅನ್ನಾಕತ್ತಾಳ” ಎಂದೆ. ಒಳ್ಳೆಯ ಡಾಕ್ಟರನೊಬ್ಬ ಮದುವೆಯ ಮಾತೆತ್ತಿದ. ಆಕೆ ಕೈಮುಗಿದು ಕಳಿಸಿದಳು. “ಒಪ್ಪಿದ್ಲು” ಎಂದು ನಾನು ಇಬ್ಬರ ಲಗ್ನ ಮಾಡಿಸಿಬಿಟ್ಟೆ. ಮರುಗಳಿಗೆಯಲ್ಲಿ ಪರದೆಯ ಮೇಲೆ ಹೊಲಿಗೆ ಮಷಿನ್ ಬಂತು.

ಹಿಂದೆ ಕೂತಿದ್ದ ಪಾಮನಕಲ್ಲೂರಿನ ಮುದುಕನೊಬ್ಬ ನನ್ನ ಭುಜ ತಟ್ಟಿದ. “ಮಾಸ್ತರ, ಲಗ್ನ ಆತು ಅಂದ್ರಿ, ಈಕಿ ನೋಡಿದ್ರ ಮಷಿನ್ ಮುಂದ ಕುಂತಾಳಲ್ರಿ?”

“ಗಂಡ ಕೊಡಿಸ್ಯಾನ.”

“ಗಂಡ ಎಲ್ಲಿ ಹೋದ?”

“ಊರಿಗಿ ಹೋಗ್ಯಾನ.”

ಆಟ ಮುಗಿಯುವವರೆಗೂ ಆ ಗಂಡ ಊರಿನಿಂದ ಬರಲಿಲ್ಲ. ಮುದುಕನಿಗೆ ಪರದೆಯ ಮೇಲಿನ ಬಾಗಿಲು ನೋಡಿ ನೋಡಿ ಸಾಕಾಯಿತು. ಅಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಅನುವಾದ ನಾಟಿತೆಂದು ಹಿಗ್ಗಿದೆ.

ರಾತ್ರಿ ನಂಟರ ಮನೆಯಲ್ಲಿದ್ದು ಬೆಳಿಗ್ಗೆ ಬಸ್ಸು ಹತ್ತಿದೆವು. ಮಸ್ಕಿ ಹತ್ತಿರ ಬಂದಾಗ ಅಕ್ಕ ಮೆಲ್ಲಗೆ, “ತಮ್ಮಾ, ಖಾಜಾಬಿಗಿ ಕನ್ನಡ ಬರತಿದ್ದಿಲ್ಲೋ. ಆರು ವರ್ಷ ನನಗ ಉರ್ದುದಾಗ ಹೊಲಿಗಿ ಹೇಳಿಕೊಟ್ಟಾಳ” ಎಂದಳು.

ನನಗೆ ಬಸ್ಸಿನಿಂದ ಹಾರಿಬಿಡಬೇಕು ಅನಿಸಿತು. “ಮತ್ತ ಅಲ್ಲೇ ಯಾಕ ಅನ್ನಲಿಲ್ಲ?” ಎಂದೆ.

“ಅಷ್ಟು ಮಂದಿ ಮುಂದ ನಿನ್ನ ಮಾನ ಕಳೀಲೇನು?”

ಅವಳ ಬದುಕನ್ನೇ ನಾನು ತಿರುಚಿ ಹೇಳುತ್ತಿದ್ದಾಗ ಅವಳು ಕೂತು ನನ್ನ ಮಾನ ಕಾಯುತ್ತಿದ್ದಳು. ನನಗೆ ಅಳು ಬಂತು. ತಪ್ಪನ್ನು ಕಿಟಕಿಯ ಧೂಳಿನ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಸೋಮವಾರ ಸಂತೆಕಲ್ಲೂರಿನವರು ಬಂದು ಪಡಸಾಲೆಯಲ್ಲಿ ಕೂತರು. ಇಂಥ ಹೊತ್ತಿನಲ್ಲಿ ಹೆಣ್ಣು ಬಾಗಿಲ ಹಿಂದೆ ನಿಂತು ಹೇಳಿದ್ದನ್ನು ಅಣ್ಣನೋ ತಮ್ಮನೋ ಹೊರಗೆ ಮುಟ್ಟಿಸುವುದು ನಮ್ಮ ಕಡೆಯ ರೂಢಿ. ಎಂದರೆ ಮತ್ತೆ ನಾನೇ. “ನಾ ಅಂದಷ್ಟ ಹೇಳು. ಲಗ್ನ ಒಲ್ಲೆ, ಮಷಿನ್ ತರಸ್ತೀನಿ” ಎಂದಳು ಅಕ್ಕ. ಹೊಸ್ತಿಲಲ್ಲಿ ನಿಂತು ಬೆವರುತ್ತ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಹೇಳಿದೆ.

ಆ ರೈತ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ, “ಹಂಗಾದ್ರ ನನ್ನ ಮಗಳಿಗಿ ಎರಡು ಲಂಗ ಹೊಲದು ಕೊಡ್ತಾರೇನು, ಕೇಳ್ರಿ ಮಾಸ್ತರ” ಎಂದ.

ಕೇಳಲೆಂದು ನಾನು ಒಳಗೆ ತಿರುಗಿದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಅಕ್ಕನ ದನಿ ನನ್ನ ತಲೆಯ ಮೇಲೆ ಹಾದು ನೇರ ಪಡಸಾಲೆಗೆ ಹೋಯಿತು: “ಅಳತಿ ಕಳಸ್ರಿ, ಹೊಲೀತೀನಿ.”

ಹೊಸ್ತಿಲಲ್ಲಿ ನಿಂತ ಹಾಗೆಯೇ ನನ್ನ ದುಭಾಷಿ ನೌಕರಿ ಹೋಯಿತು.